ಫಿರಂಗಿಯವರ ಮಾತು

1944ರ ಅಕ್ಟೋಬರಿನಲ್ಲಿ ಇಟಲಿಯ ಬೆಟ್ಟಗಳ ಮೇಲೆ ಒಂದು ಕೋಳಿಮೊಟ್ಟೆಗೆ ಐದು ಸಿಗರೇಟು ಕೊಡಬೇಕಿತ್ತು. ಸೈನ್ಯದವರು ಹಂಚುವ ದನದ ಮಾಂಸದ ಡಬ್ಬಿಗೆ ಒಂದು ಬಾಟಲಿ ಕೆಂಪು ವೈನ್. ಒಂದು ಕಂಬಳಿಗೆ ಇಡೀ ಕೋಳಿ. ಆದರೆ ಕಂಬಳಿ ಕೊಟ್ಟು ಸಿಕ್ಕಿಬಿದ್ದವನಿಗೆ ಹದಿನಾಲ್ಕು ದಿನದ ಸಂಬಳ ಖೋತಾ, ಹಾಗಾಗಿ ಲೆಕ್ಕ ಹಾಕಿದರೆ ಆ ಕೋಳಿ ದುಬಾರಿಯೇ. ಒಣಗಿದ ಕಾಲುಚೀಲಕ್ಕೆ ಬೆಲೆ ಕಟ್ಟುವಂತಿರಲಿಲ್ಲ, ಇದ್ದವರು ಯಾರೂ ಮಾರುತ್ತಿರಲಿಲ್ಲ. ಹಂದಿ ಎಷ್ಟಕ್ಕೆ ಸಿಗುತ್ತದೆ ಎಂದು ಕೇಳುವುದನ್ನೇ ಜನ ಬಿಟ್ಟಿದ್ದರು. ಜರ್ಮನರು ಹಿಂದೆ ಸರಿಯುವಾಗ ಹಂದಿ, ಹಸು, ಹೇಸರಗತ್ತೆ ಎಲ್ಲವನ್ನೂ ಹೊಡೆದುಕೊಂಡು ಹೋಗಿದ್ದರು.

ಬೆಟ್ಟಗಳ ಬೆಲೆ ಬೇರೆ. ಮೊದಲನೆಯ ಬೆಟ್ಟಕ್ಕೆ ಬ್ರಿಗೇಡ್ ನಲವತ್ತು ಜನರನ್ನು ಕೊಟ್ಟಿತು. ಎರಡನೆಯದಕ್ಕೆ ಅರವತ್ತೆಂಟು. ಮೂರನೆಯದು ಪುಕ್ಕಟೆ ಸಿಕ್ಕಿತು. ಯಾಕೆ ಪುಕ್ಕಟೆ ಎಂಬುದು ಅದನ್ನು ಹತ್ತಿ ನಿಂತ ಮೇಲೆ ತಿಳಿಯಿತು. ನಾಲ್ಕನೆಯ ಬೆಟ್ಟದ ಮೇಲೆ ಕೂತಿದ್ದ ಜರ್ಮನರಿಗೆ ಮೂರನೆಯದು ಊಟದ ತಟ್ಟೆಯ ಹಾಗೆ ಪೂರಾ ಕಾಣುತ್ತಿತ್ತು. ಅಲ್ಲಿ ದಿನಕ್ಕೆ ನಾಲ್ಕೈದು ಜನ ಹೋಗುತ್ತಿದ್ದರು, ಕಂತಿನಲ್ಲಿ ತೀರಿಸಿದ ಹಾಗೆ.

ಬ್ರಿಗೇಡಿನ ಮೂರು ಬೆಟಾಲಿಯನ್ನುಗಳಲ್ಲಿ ಒಂದು ಪೂರ್ತಿ ಲ್ಯಾಂಕಾಷೈರ್ ಸೀಮೆಯ ಹತ್ತಿಗಿರಣಿ ಊರುಗಳದ್ದು. ವಿಲ್ಫ್ ಕ್ರಾಶಾ ಅದರಲ್ಲಿ ವೈರ್‌ಲೆಸ್ ಹೊರುವವನು. ಯುದ್ಧಕ್ಕೆ ಮೊದಲು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಒಂಬತ್ತು ವರ್ಷ ಕೂತಿದ್ದವನು. ಅವನ ಬೀದಿಯವನೇ ಆದ ಏಮಸ್ ಟ್ಯಾಟರ್ಸಲ್ ಅದೇ ಕಂಪನಿಯ ಸಾರ್ಜೆಂಟ್. ಏಮಸ್ ನೇಕಾರ, ಅವನ ಹೆಂಡತಿ ಹೆಟ್ಟಿಯೂ ನೇಕಾರಳು, ವಿಲ್ಫ್‌ನ ತಾಯಿಯೂ ನೇಕಾರಳೇ. ಆ ಊರಲ್ಲಿ ಮಗ್ಗದ ಸಂಬಂಧ ಇಲ್ಲದ ಮನೆ ಎಂದರೆ ಪಾದ್ರಿಯದು ಮತ್ತು ಡಾಕ್ಟರದು, ಅಷ್ಟೆ.

ಗಿರಣಿಯಲ್ಲಿ ಏಳೆಂಟುನೂರು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವನು ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳಿಸುವುದಿಲ್ಲ. ಹಾಗಾಗಿ ನೇಕಾರರು ತುಟಿಯಲ್ಲೇ ಮಾತಾಡುತ್ತಾರೆ. ಸ್ವರ ಇಲ್ಲ, ತುಟಿಯನ್ನು ದೊಡ್ಡದಾಗಿ ಎಳೆದು, ಒತ್ತಿ, ಅಗಲಿಸಿ, ಮೂವತ್ತು ಮಗ್ಗ ಆಚೆ ನಿಂತವಳ ಗಂಡನ ಸುದ್ದಿಯನ್ನೂ ಆಡಿ ಮುಗಿಸುತ್ತಾರೆ. ಇದಕ್ಕೆ ಅವರು ‘ಮೀಮಾ’ ಎನ್ನುತ್ತಿದ್ದರು. ಏಮಸ್ ಈ ವಿದ್ಯೆಯನ್ನು ಯುದ್ಧಕ್ಕೂ ತಂದಿದ್ದ. ಕವಾಯತಿನಲ್ಲಿ ಕರ್ನಲ್ ಭಾಷಣ ಮಾಡುವಾಗ ಎದುರು ಸಾಲಿನಲ್ಲಿ ನಿಂತು, ಕರ್ನಲ್‌ನ ಮೂಗಿನ ಬಗ್ಗೆ, ಕುದುರೆಯ ಬಗ್ಗೆ, ಆಮೇಲೆ ಆ ಎರಡರ ಸಂಬಂಧದ ಬಗ್ಗೆ ತುಟಿಯಾಡಿಸುತ್ತಿದ್ದ. ಸದ್ದಿಲ್ಲದೆ ನೂರಾರು ಜನರ ಭುಜ ಕುಣಿಯುತ್ತಿತ್ತು. ಕರ್ನಲ್‌ಗೆ ತನ್ನ ಭಾಷಣದ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯ ಬಂದಿತ್ತು.

ವಿಲ್ಫ್‌ಗೆ ತುಟಿ ಓದಲು ಬರುತ್ತಿತ್ತು, ಆದರೆ ಅರ್ಧಂಬರ್ಧ. ತಾಯಿಯಿಂದ ಕಲಿತದ್ದು, ಮಗ್ಗದ ಮುಂದೆ ನಿಂತು ಕಲಿತದ್ದಲ್ಲ.

“ಲೇ ವಿಲ್ಫ್, ನಿನಗೆ ಮೀಮಾ ಹೇಳೋದು ಅಂದ್ರೆ ಕುರುಡನಿಗೆ ದಾರಿ ತೋರಿಸಿದ ಹಾಗೆ ಕಣೋ,” ಎಂದು ಏಮಸ್ ಅಣಕಿಸುತ್ತಿದ್ದ. “ಎಲ್ಲಾ ಎರಡೆರಡು ಸಲ ಹೇಳ್ಬೇಕು.”

ಎರಡೆರಡು ಸಲ ಹೇಳಿಸುವುದೇ ವಿಲ್ಫ್‌ನ ಕಸುಬಾಗಿತ್ತಲ್ಲ. ಎಕ್ಸ್‌ಚೇಂಜಿನಲ್ಲಿ ಯಾವ ನಂಬರ್ ಕೇಳಿಸದಿದ್ದರೂ “ರಿಪೀಟ್” ಎನ್ನಬೇಕು. ದಿನಕ್ಕೆ ಇನ್ನೂರು ಸಲ, ಒಂಬತ್ತು ವರ್ಷ. ಸೈನ್ಯದಲ್ಲಿ ಈ ಅಭ್ಯಾಸವೇ ಅವನಿಗೆ ಕುತ್ತಾಯಿತು. ಹಿಂದಿನ ವರ್ಷ ವೈರ್‌ಲೆಸ್ಸಿನ ನಿಯಮ ಬದಲಾದಾಗ, ತರಬೇತಿ ಕೊಟ್ಟ ಸಾರ್ಜೆಂಟ್ ಮೊದಲ ದಿನವೇ ಹೇಳಿದ್ದ:

“ಕೇಳಿಸ್ಲಿಲ್ಲ ಅಂದ್ರೆ ‘ಸೇ ಅಗೇನ್’ ಅನ್ನಿ. ‘ರಿಪೀಟ್’ ಅನ್ನೋದು ಇನ್ಮೇಲೆ ನಿಮ್ಮ ಬಾಯಲ್ಲಿ ಬರಬಾರದು. ಅದು ಫಿರಂಗಿಯವರ ಮಾತು. ಅವರ ಕಿವಿಗೆ ಅದು ಬಿತ್ತು ಅಂದ್ರೆ, ಈಗಷ್ಟೆ ಎಲ್ಲಿಗೆ ಎಷ್ಟು ಶೆಲ್ ಹೊಡೆದ್ರೋ ಅಲ್ಲಿಗೇ ಅಷ್ಟೇ ಶೆಲ್ ಮತ್ತೆ ಹೊಡೀತಾರೆ. ಯಾಕೆ ಏನು ಅಂತ ಕೇಳಲ್ಲ. ತಿಳೀತಾ, ಟೆಲಿಫೋನ್ ಸಾಹೇಬ್ರೇ?”

ಬಾಯಿ ತಪ್ಪಿದಾಗಲೆಲ್ಲ ವಿಲ್ಫ್ ಸೆಟ್ಟನ್ನು ಬೆನ್ನಿಗೆ ಹಾಕಿಕೊಂಡು ಮೈದಾನ ಸುತ್ತು ಹಾಕಿದ. ಮೂರು ವಾರದಲ್ಲಿ ಅಭ್ಯಾಸ ಹೋಯಿತು. ಹೋಯಿತು ಎಂದೇ ಎಲ್ಲರೂ ಅಂದುಕೊಂಡರು.

ನಾಲ್ಕನೆಯ ಬೆಟ್ಟದ ನೆತ್ತಿಯಲ್ಲಿ ಒಂದು ತೋಟದ ಮನೆ ಇತ್ತು. ನಕ್ಷೆಯಲ್ಲಿ ಅದಕ್ಕೆ ಉದ್ದದ ಹೆಸರಿತ್ತು; ಚಿಮಣಿಯಲ್ಲಿ ಯಾವಾಗಲೂ ಹೊಗೆ ಕಾಣುತ್ತಿದ್ದರಿಂದ ಹುಡುಗರು ತಮ್ಮೂರಿನ ಆಲೂಗಡ್ಡೆ ಕರಿಯುವ ಅಂಗಡಿಯ ನೆನಪಿಗೆ ‘ಚಿಪ್ಸ್ ಅಂಗಡಿ’ ಎಂದು ಕರೆದರು. ಅದನ್ನು ಹಿಡಿಯುವ ದಿನ ವಿಲ್ಫ್‌ನ ಪಾಲಿಗೆ ಬಂದ ಕೆಲಸ ಅವನದಲ್ಲದ್ದು. ಫಿರಂಗಿ ದಳದ ಕ್ಯಾಪ್ಟನ್ ಲೆಡ್ಗಾರ್ಡ್ ಕಾಲಾಳುಗಳ ಜೊತೆ ಮುಂದೆ ಕೂತು, ಶೆಲ್ ಎಲ್ಲಿ ಬೀಳಬೇಕೆಂದು ಹಿಂದಿನ ಫಿರಂಗಿಗಳಿಗೆ ಹೇಳುವ ಅಧಿಕಾರಿ. ಅವನ ಸಿಗ್ನಲರ್ ಗ್ವಿಲಿಮ್ ಎಂಬ ವೇಲ್ಸ್ ಸೀಮೆಯವನು. ಬೆಳಗ್ಗೆ ಏಳಕ್ಕೆ ಜರ್ಮನರ ಮಾರ್ಟರ್ ಶೆಲ್ಲಿನ ಒಂದು ಚೂರು ಗ್ವಿಲಿಮ್‌ನ ಹೊಟ್ಟೆಗೆ ಬಡಿಯಿತು. ಸ್ಟ್ರೆಚರಿನಲ್ಲಿ ಕೆಳಗೆ ಹೊತ್ತೊಯ್ದರು. ಕ್ಯಾಪ್ಟನ್ ವಿಲ್ಫ್‌ನನ್ನು ಕರೆದ.

“ಬಾರಪ್ಪ, ಈ ಸೆಟ್ ಹಿಡಿ. ನಾನು ಹೇಳಿದ್ದಷ್ಟೇ ಹೇಳು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ.”

“ಆಗ್ಲಿ ಸಾರ್.”

ಹಿಡಿಕೆಯಲ್ಲಿ ಒಂದು ಗುಂಡಿ. ಒತ್ತಿದರೆ ನಮ್ಮ ಮಾತು ಹೋಗುತ್ತದೆ, ಬಿಟ್ಟರೆ ಅವರ ಮಾತು ಬರುತ್ತದೆ. ಒತ್ತಿರುವಷ್ಟು ಹೊತ್ತು ಆಚೆಯವರು ಏನು ಅಂದರೂ ಇಲ್ಲಿಗೆ ಕೇಳಿಸುವುದಿಲ್ಲ.

ಹತ್ತೂ ಹತ್ತಕ್ಕೆ ಕ್ಯಾಪ್ಟನ್ ಹೇಳಿದ, ವಿಲ್ಫ್ ಗುಂಡಿ ಒತ್ತಿ ಅದನ್ನೇ ಹೇಳಿದ. ಎಂಟು ಫಿರಂಗಿ, ತಲಾ ಐದು ಶೆಲ್. ನಲವತ್ತೂ ಚಿಪ್ಸ್ ಅಂಗಡಿಯ ಮೇಲೆ ಬಿದ್ದವು. ಹೊಗೆ ಇಳಿಯುವ ಮೊದಲೇ ಏಮಸ್‌ನ ಪ್ಲಟೂನ್ ಕಣಿವೆ ದಾಟಿ ಓಡಿತು. ಇದ್ದ ಐದಾರು ಜರ್ಮನರು ಹಿಂಬಾಗಿಲಿಂದ ಓಡಿದರು. ಪ್ಲಟೂನಿನಲ್ಲಿ ಒಬ್ಬನೂ ಸಾಯಲಿಲ್ಲ, ಒಬ್ಬನಿಗೂ ಪೆಟ್ಟಾಗಲಿಲ್ಲ. ಅಂಥ ಬೆಟ್ಟ ಅಷ್ಟು ಅಗ್ಗಕ್ಕೆ ಸಿಕ್ಕಿದ್ದು ಆ ಬ್ರಿಗೇಡಿನ ಯುದ್ಧದಲ್ಲೇ ಮೊದಲ ಸಲ.

“ಸಿಕ್ತು! ಫಿರಂಗಿಯವರಿಗೆ ಹೇಳು, ಮನೆ ನಮ್ಮದಾಯ್ತು, ನಿಲ್ಲಿಸಿ ಅಂತ,” ಎಂದು ಕ್ಯಾಪ್ಟನ್ ದುರ್ಬೀನನ್ನು ವಿಲ್ಫ್‌ನ ಮಡಿಲಿಗೆ ಹಾಕಿ, ಬಗ್ಗಿಕೊಂಡು ಕಂಪನಿಯ ಮೇಜರ್ ಇದ್ದ ಕಂದಕದ ಕಡೆಗೆ ಓಡಿದ.

ವಿಲ್ಫ್ ಹಿಡಿಕೆ ಬಾಯಿಗೆ ಹಿಡಿದು ಗುಂಡಿ ಒತ್ತಿದ. ಅಷ್ಟರಲ್ಲಿ ಎದುರು ಬೆಟ್ಟದ ಆ ಮನೆಯ ಅಂಗಳದ ಗೋಡೆಯ ಮೇಲೆ ಯಾರೋ ಹತ್ತಿ ಕೈ ಬೀಸುವುದು ಕಂಡಿತು. ಇನ್ನೊಂದು ಕೈಯಿಂದ ದುರ್ಬೀನು ಎತ್ತಿದ. ಏಮಸ್. ಮುಖವೆಲ್ಲ ಸುಣ್ಣದ ಧೂಳು, ಹಲ್ಲು ಮಾತ್ರ ಕಾಣುತ್ತಿದೆ. ಮುನ್ನೂರು ಗಜ ದೂರದಿಂದ ಅವನು ತುಟಿಯಾಡಿಸುತ್ತಿದ್ದಾನೆ, ಗಿರಣಿಯಲ್ಲಿ ಆಡಿಸಿದ ಹಾಗೆ, ದೊಡ್ಡದಾಗಿ. ಎರಡೂ ತುಟಿ ಒತ್ತಿ, ಟಪ್ಪನೆ ಬಿಟ್ಟು, ಬಾಯಿ ಅಗಲಿಸಿದ. ಮತ್ತೆ ಹಾಗೆಯೇ. ಖುಷಿಯ ವಿಷಯ ಎಂಬುದು ಗೊತ್ತಾಯಿತು. ಏನು ಎಂಬುದು ಗೊತ್ತಾಗಲಿಲ್ಲ.

“ರಿಪೀಟ್,” ಎಂದ ವಿಲ್ಫ್.

ಏಮಸ್ ತಲೆ ಹಿಂದಕ್ಕೆ ಹಾಕಿ ನಕ್ಕ. ಇವನಿಗೆ ಮತ್ತೆ ಅರ್ಥವಾಗಲಿಲ್ಲ ಎಂದು ಅಷ್ಟು ದೂರದಿಂದಲೇ ತಿಳಿದಿತ್ತು. ಮತ್ತೆ ತುಟಿ ಒತ್ತಿದ, ಬಿಟ್ಟ, ಅಗಲಿಸಿದ. ಒಳಗಿದ್ದ ಹುಡುಗರೂ ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದರು, ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡರು. ವಿಲ್ಫ್ ನೋಡುತ್ತಲೇ ಇದ್ದ.

ಆಗ ಅಂಗಳ ಮೇಲಕ್ಕೆದ್ದಿತು.

ಅದು ಎಷ್ಟು ಹೊತ್ತು ನಡೆಯಿತು ಎಂದು ವಿಲ್ಫ್‌ಗೆ ಎಂದೂ ಹೇಳಲಾಗಲಿಲ್ಲ. ದುರ್ಬೀನಿನಲ್ಲಿ ಸದ್ದಿಲ್ಲದೆ ಮೊದಲು ಕಂಡಿತು. ಸದ್ದು ಆಮೇಲೆ ಬಂತು. ಗೋಡೆ ಇರಲಿಲ್ಲ. ಗೋಡೆಯ ಮೇಲಿದ್ದವನು ಇರಲಿಲ್ಲ. ಧೂಳು ಇಳಿದಾಗ ಅಂಗಳದಲ್ಲಿ ಒಬ್ಬ ಹುಡುಗ ನೆಟ್ಟಗೆ ನಿಂತಿದ್ದ, ಹೆಲ್ಮೆಟ್ ಇನ್ನೂ ಕೈಯಲ್ಲೇ. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಆಮೇಲೆ ಮೆಲ್ಲಗೆ ಕೂತುಕೊಂಡ. ವಿಲ್ಫ್‌ನ ಬಾಯಿ ತೆರೆದೇ ಇತ್ತು, ಮುಚ್ಚಬೇಕು ಎಂಬುದೇ ಹೊಳೆಯಲಿಲ್ಲ.

“ನಾಯಿಮಕ್ಕಳು!” ಎಂದು ಯಾರೋ ಪಕ್ಕದ ಕಂದಕದಿಂದ ಕೂಗಿದ. “ಕಳಕೊಂಡ ಜಾಗಕ್ಕೇ ಹೊಡೆದ್ರು ನೋಡು!”

ಎಲ್ಲರೂ ಹಾಗೆಯೇ ಅಂದುಕೊಂಡರು. ಕಳೆದುಕೊಂಡ ಮನೆಗೆ ತಕ್ಷಣ ಶೆಲ್ ಹೊಡೆಯುವುದು ಜರ್ಮನರ ವಾಡಿಕೆ. ಎರಡನೆಯ ಬೆಟ್ಟದಲ್ಲೂ ಹಾಗೇ ಮಾಡಿದ್ದರು. ಎರಡು ನಿಮಿಷದಲ್ಲಿ ನಿಜವಾದ ಜರ್ಮನ್ ಮಾರ್ಟರ್ ಈ ಕಡೆಯ ದಿಣ್ಣೆಗೂ ಬಿತ್ತು. ಓಡಿಬರುತ್ತಿದ್ದ ಕ್ಯಾಪ್ಟನ್ ಲೆಡ್ಗಾರ್ಡ್ ಅಲ್ಲೇ ಸತ್ತ. ವಿಲ್ಫ್‌ನ ಸೊಂಟಕ್ಕೆ ಚೂರು ಹೊಕ್ಕಿತು, ಒಂದು ಕಿವಿ ಹೋಯಿತು. ಸೆಟ್ಟು ಪುಡಿಯಾಯಿತು.

ಚಿಪ್ಸ್ ಅಂಗಡಿಯಲ್ಲಿ ಹನ್ನೊಂದು ಜನ ಸತ್ತರು.

ಐದು ವರ್ಷ ಕಳೆಯಿತು. ವಿಲ್ಫ್ ಎಕ್ಸ್‌ಚೇಂಜಿಗೆ ಮರಳಿದ್ದ. ಒಂದೇ ಕಿವಿಯವನನ್ನು ಬೋರ್ಡಿನ ಮುಂದೆ ಕೂರಿಸುವಂತಿಲ್ಲ ಎಂದು ತಂತಿ ರಿಪೇರಿಗೆ ಹಾಕಿದ್ದರು. ಭಾನುವಾರ ಹೆಟ್ಟಿಯ ಮನೆಗೆ ಹೋಗುತ್ತಿದ್ದ. ಮೊದಮೊದಲು ಏಮಸ್‌ನ ಗೆಳೆಯನಾಗಿ, ಕಲ್ಲಿದ್ದಲು ಒಳಗಿಡುವುದಕ್ಕೆ, ಸೋರುವ ನಲ್ಲಿ ಸರಿಮಾಡುವುದಕ್ಕೆ. ಮೂರು ವರ್ಷವಾದ ಮೇಲೆ ಹೆಟ್ಟಿಯೇ ಒಂದು ದಿನ ಹೇಳಿದಳು, “ವಿಲ್ಫ್, ನಮ್ಮನೇಲಿ ಇನ್ನು ಕೆಡೋಕೆ ಏನೂ ಉಳಿದಿಲ್ಲ ಕಣೋ. ಇನ್ಮೇಲೆ ಬರೋದಾದ್ರೆ ಸುಮ್ನೆ ಬಾ.” ಅವನು ಸುಮ್ಮನೆ ಬರತೊಡಗಿದ. ಇನ್ನೊಂದು ವರ್ಷಕ್ಕೆ ಮದುವೆಯ ಮಾತಾಯಿತು.

ಆ ಚರ್ಚಿನ ಕ್ರಮದಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಪಾದ್ರಿ ಗಂಡು ಹೆಣ್ಣಿನ ಹೆಸರು ಕೂಗುತ್ತಾನೆ. ಇದಕ್ಕೆ ಅಡ್ಡಿಯಾಗುವ ಕಾರಣ ಯಾರಿಗಾದರೂ ಗೊತ್ತಿದ್ದರೆ ಈಗಲೇ ಹೇಳಿ ಎನ್ನುತ್ತಾನೆ. ಎರಡು ಭಾನುವಾರ ಕೂಗಿ ಆಗಿತ್ತು. ಎರಡೂ ಸಲ ಯಾರೂ ಕೆಮ್ಮಲೂ ಇಲ್ಲ.

ಬುಧವಾರ ಬೆಳಗ್ಗೆ ತಿಂಡಿಯ ಹೊತ್ತಿಗೆ ಒಂದು ದಪ್ಪ ಲಕೋಟೆ ಬಂತು. ಬ್ರಿಗೇಡಿನ ಮುಖ್ಯ ಕಚೇರಿಯಲ್ಲಿದ್ದ ಮೇಜರ್ ಹಾಲ್ಗೇಟ್ ಈಗ ಊರಿನಲ್ಲಿ ವಕೀಲ. ಬ್ರಿಗೇಡಿನ ಯುದ್ಧಚರಿತ್ರೆ ಬರೆಯುವ ಕೆಲಸ ಅವನ ತಲೆಗೆ ಬಿದ್ದಿತ್ತು. ಅಲ್ಲಲ್ಲಿ ಇದ್ದವರಿಗೆ ಅವರವರ ಪುಟ ಕಳಿಸಿ ತಪ್ಪಿದ್ದರೆ ತಿದ್ದಿ ಎಂದು ಕೇಳುತ್ತಿದ್ದ.

ವಿಲ್ಫ್ ಟೋಸ್ಟ್ ಅಗಿಯುತ್ತ ಓದಿದ. “ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಕ್ಯಾಪ್ಟನ್ ಲೆಡ್ಗಾರ್ಡ್ ಅವರ ಸಿಗ್ನಲರ್, ತರುವಾಯ ಗಾಯಗಳಿಂದ ಮೃತನಾದವನು, ಪ್ರಮಾದದಿಂದ ಫಿರಂಗಿಗಳಿಗೆ ‘ರಿಪೀಟ್’ ಎಂಬ ಮಾತನ್ನು ಕಳಿಸಿದನು. ನಮ್ಮ ಕೈಸೇರಿದ್ದ ಮನೆಯ ಮೇಲೆ ನಮ್ಮವೇ ನಲವತ್ತು ಶೆಲ್‌ಗಳು ಬಿದ್ದವು.”

ಇನ್ನೊಮ್ಮೆ ಓದಿದ. ಮೂರನೆಯ ಸಲ ಅಕ್ಷರಗಳು ಕಾಣುತ್ತಿದ್ದವು, ಅರ್ಥ ಬರಲಿಲ್ಲ. ಎಡಗೈ ನೋಡಿಕೊಂಡ. ಅದು ಚಹಾದ ಬಟ್ಟಲಿನ ಹಿಡಿ ಹಿಡಿದಿತ್ತು. ಹೆಬ್ಬೆರಳು ಹಿಡಿಯ ಮೇಲೆ ಒತ್ತಿ, ಉಗುರು ಬೆಳ್ಳಗಾಗಿತ್ತು. ಬಿಡು ಎಂದರೂ ಬಿಡಲಿಲ್ಲ.

“ಮೊಟ್ಟೆ ಆರೋಗ್ತಿದೆ ಮಗಾ,” ಎಂದಳು ತಾಯಿ. “ವಾರಕ್ಕೊಂದೇ ಮೊಟ್ಟೆ ರೇಷನ್ನಲ್ಲಿ. ನೋಡ್ಕೊಂಡು ಕೂತ್ರೆ ಮರಿ ಆಗಲ್ಲ ಅದು.”

“ಅಮ್ಮ, ನಾನು ಗುಂಡಿ ಬಿಟ್ಟಿರ್ಲಿಲ್ಲ.”

“ಯಾವ ಗುಂಡಿ? ಅಂಗಿದಾ? ಕೊಡು, ಹಾಕ್ಕೊಡ್ತೀನಿ.”

ಅವನು ಹಾಳೆಗಳನ್ನು ಲಕೋಟೆಗೆ ತುರುಕಿ, ಮೊಟ್ಟೆ ಹಾಗೇ ಬಿಟ್ಟು ಎದ್ದ.

ಕೆಲಸಕ್ಕೆ ಹೋಗಲಿಲ್ಲ. ನೇರವಾಗಿ ಹಾಲ್ಗೇಟ್‌ನ ಕಚೇರಿಗೆ ಹೋದ.

“ಬಾ ಕ್ರಾಶಾ, ಕೂತ್ಕೋ. ಕಾಗುಣಿತ ತಪ್ಪಿದ್ರೆ ಟೈಪಿಸ್ಟ್‌ನ ಬೈಯಿ, ನನ್ನ ಬೈಬೇಡ.”

“ಸಾರ್, ಇದು ನಿಜಾನಾ? ನಮ್ಮ ಶೆಲ್ಲೇನಾ?”

ಹಾಲ್ಗೇಟ್ ಕನ್ನಡಕ ತೆಗೆದಿಟ್ಟ. ಕಡತದಿಂದ ಒಂದು ಹಾಳೆ ಎಳೆದು ತೋರಿಸಿದ. ಫಿರಂಗಿ ದಳದ ಆ ದಿನದ ದಾಖಲೆಯ ನಕಲು. “10.17. ರಿಪೀಟ್ ಬಂತು. ತಿರುಗಿ ಓದಿ ಹೇಳಿದೆವು. ಆ ಕಡೆಯಿಂದ ಉತ್ತರವಿಲ್ಲ. ಹೊಡೆದಾಯಿತು.”

“ಐದು ವರ್ಷ ಇದು ಪೆಟ್ಟಿಗೇಲಿ ಮಲಗಿತ್ತು,” ಎಂದ ಹಾಲ್ಗೇಟ್. “ನಾನೂ ಜರ್ಮನರದ್ದೇ ಅಂದ್ಕೊಂಡಿದ್ದೆ.”

“ಗ್ವಿಲಿಮ್ ಅಲ್ಲ ಸಾರ್. ಅವನನ್ನ ಬೆಳಗ್ಗೆ ಏಳಕ್ಕೇ ಹೊತ್ಕೊಂಡು ಹೋಗಿದ್ರು. ಸೆಟ್ ನನ್ನ ಕೈಲಿತ್ತು.”

ಹಾಲ್ಗೇಟ್ ಎದ್ದು ಹೋಗಿ ಬಾಗಿಲು ಹಾಕಿ ಬಂದ.

“ಯಾರಿಗೆ ಹೇಳಿದೀಯ?”

“ನಿಮಗೇ ಮೊದ್ಲು.”

“ನೋಡು, ನಾನು ಹೆಸರು ಹಾಕಿಲ್ಲ. ಸತ್ತವನ ಲೆಕ್ಕಕ್ಕೆ ಹೋಗಿದೆ. ಸತ್ತವನಿಗೆ ಇನ್ನೇನೂ ನೋಯಲ್ಲ. ನಿನ್ನ ಮದುವೆ ಅಂತೆ, ಅದೂ ಟ್ಯಾಟರ್ಸಲ್ ಹೆಂಡತಿ ಜೊತೆ. ನಾನು ಏನೂ ಕೇಳಿಸ್ಕೊಂಡಿಲ್ಲ ಅಂದ್ಕೊ.”

“ಗ್ವಿಲಿಮ್‌ನ ಕಡೆಯವರು ಯಾರಾದ್ರೂ?”

ಹಾಲ್ಗೇಟ್ ಕಡತ ಮುಚ್ಚಿದ. “ತಾಯಿ ಇದ್ದಾರೆ. ಇಬ್ಬರು ಹೆಣ್ಣುಮಕ್ಕಳಿಗೂ ಸೇರಿಸಿ ಮೂರು ಪ್ರತಿ ಬೇಕು ಅಂತ ಬರೆದಿದ್ದಾರೆ.”

“ಲೆಡ್ಗಾರ್ಡ್ ಸಾಹೇಬ್ರ ಸಿಗ್ನಲರ್ ಯಾರು ಅಂತ ಅವರಿಗೆ ಗೊತ್ತು ತಾನೆ?”

“ಗೊತ್ತಿಲ್ದೆ ಇರುತ್ತಾ.” ಹಾಲ್ಗೇಟ್ ಕಿಟಕಿಯ ಆಚೆ ನೋಡಿದ. “ಸೋಮವಾರ ಅಚ್ಚಿಗೆ ಹೋಗುತ್ತೆ ಕ್ರಾಶಾ. ಅಷ್ಟರೊಳಗೆ ಏನು ಅಂತ ಹೇಳು. ನಾನು ನಿನ್ನನ್ನ ಹೀಗೇ ಮಾಡು ಅನ್ನಲ್ಲ. ನನ್ನ ಕೈಯಿಂದ ಆಗಲ್ಲ.”

ಗುರುವಾರ ಹೋಯಿತು, ಶುಕ್ರವಾರ ಹೋಯಿತು. ವಿಲ್ಫ್ ಕಂಬ ಹತ್ತಿದ, ತಂತಿ ಜೋಡಿಸಿದ, ಇಳಿದ. ಯಾವ ಕಂಬ ಎಂದು ಕೇಳಿದ್ದರೆ ಹೇಳುತ್ತಿರಲಿಲ್ಲ. ಸುಮ್ಮನಿದ್ದರೆ ಹೆಟ್ಟಿ ಸಿಗುತ್ತಾಳೆ, ಇದು ಸ್ಪಷ್ಟವಾಗಿತ್ತು. ಮೂವತ್ತಮೂರು ವರ್ಷದ, ಒಂದು ಕಿವಿಯ ಮನುಷ್ಯನಿಗೆ ಇನ್ನೊಂದು ಮನೆ ಸಿಗುವುದಿಲ್ಲ, ಇದೂ ಸ್ಪಷ್ಟವಾಗಿತ್ತು. ಆದರೆ ಮುದುಕಿಯೊಬ್ಬಳು ಮೂರು ಪ್ರತಿಗಳ ಕಟ್ಟು ಬಿಚ್ಚಿ, ಮಗನ ಪುಟ ಹುಡುಕಿ, ಹೆಣ್ಣುಮಕ್ಕಳಿಗೆ ಗಟ್ಟಿಯಾಗಿ ಓದುವುದು ಕಣ್ಣಿಗೆ ಕಟ್ಟುತ್ತಿತ್ತು. ಅವಳು ಎಲ್ಲಿ ನಿಲ್ಲಿಸುತ್ತಾಳೆ ಎಂಬುದೂ ಕಟ್ಟುತ್ತಿತ್ತು.

ಶನಿವಾರ ಗಿರಣಿ ಅರ್ಧ ದಿನ. ಮಧ್ಯಾಹ್ನ ಅವನು ಹೋದಾಗ ಹೆಟ್ಟಿ ಮೊಣಕಾಲೂರಿ ಬಾಗಿಲ ಮೆಟ್ಟಿಲಿಗೆ ಸುಣ್ಣದಂಥ ಬಿಳಿ ಕಲ್ಲು ಉಜ್ಜುತ್ತಿದ್ದಳು. ವಾರಕ್ಕೊಮ್ಮೆ ಮೆಟ್ಟಿಲು ಬೆಳ್ಳಗಾಗದ ಮನೆಗೆ ಆ ಬೀದಿಯಲ್ಲಿ ಮಾನವಿಲ್ಲ.

“ತುಳಿದೀಯ, ಹಸಿ ಇದೆ!” ಎಂದಳು ತಲೆಯೆತ್ತದೆ. “ಅಲ್ಲೇ ನಿಂತ್ಕೋ. ನಾಳೆ ಮೂರನೇ ಕೂಗು, ಆ ಹಳೇ ಟೈ ಹಾಕ್ಕೊಂಡು ಬಂದ್ರೆ ನಾನೇ ಎದ್ದು ಅಡ್ಡಿ ಇದೆ ಅಂತೀನಿ.”

ಆಮೇಲೆ ತಲೆಯೆತ್ತಿದಳು. ಮುಖ ನೋಡಿದಳು. ಕಲ್ಲು ಕೆಳಗಿಟ್ಟಳು.

ಅವನು ಹೇಳಲು ಹೊರಟ. ಸ್ವರ ಬರಲಿಲ್ಲ. ತುಟಿ ಮಾತ್ರ ಆಡಿತು. ಹೆಟ್ಟಿ ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತವಳು, ಅವಳಿಗೆ ಸ್ವರ ಬೇಕಿರಲಿಲ್ಲ. ಗ್ವಿಲಿಮ್‌ಗೆ ಪೆಟ್ಟಾದದ್ದು, ಸೆಟ್ಟು, ಗುಂಡಿ, ದುರ್ಬೀನು, ಗೋಡೆಯ ಮೇಲೆ ಏಮಸ್, ಆ ಒಂದು ಮಾತು. ಅವಳ ಕಣ್ಣು ಅವನ ಬಾಯಿ ಬಿಟ್ಟು ಕದಲಲಿಲ್ಲ. ಅವನು ಮುಗಿಸಿದ ಮೇಲೂ ಬಾಯನ್ನೇ ನೋಡುತ್ತಿದ್ದಳು, ಇನ್ನೂ ಏನೋ ಬರುವುದಿದೆ ಎಂಬಂತೆ.

ಬೀದಿಯಲ್ಲಿ ಹಾಲಿನ ಗಾಡಿ ಹೋಯಿತು. ಪಕ್ಕದ ಮನೆಯಾಕೆ “ಏನ್ ಹೆಟ್ಟಿ, ಮದುವೆ ಗಂಡನ್ನ ಬೀದೀಲೇ ನಿಲ್ಲಿಸಿದೀಯ!” ಎಂದು ನಕ್ಕು ಒಳಗೆ ಹೋದಳು. ಹೆಟ್ಟಿಗೆ ಕೇಳಿಸಿದಂತೆ ಕಾಣಲಿಲ್ಲ.

“ಅವನೇನು ಹೇಳ್ತಿದ್ದ?” ಎಂದು ಕೇಳಿದಳು ಕೊನೆಗೆ.

“ಗೊತ್ತಾಗ್ಲಿಲ್ಲ ಹೆಟ್ಟಿ. ಅದಕ್ಕೇ ತಾನೆ ನಾನು...”

“ತೋರ್ಸು.”

“ಹೆಟ್ಟಿ...”

“ಅವನು ಹ್ಯಾಗೆ ಮಾಡಿದ್ನೋ ಹಾಗೇ ತೋರ್ಸು ಅಂದೆ.”

ಅವನು ತೋರಿಸಿದ. ಎರಡೂ ತುಟಿ ಒತ್ತಿದ, ಟಪ್ಪನೆ ಬಿಟ್ಟ, ಬಾಯಿ ಅಗಲಿಸಿದ.

“ಮತ್ತೆ.”

ಮತ್ತೆ ತೋರಿಸಿದ. ಹೆಟ್ಟಿಯ ತುಟಿಯೂ ತಾನಾಗಿಯೇ ಅದನ್ನೇ ಮಾಡಿತು.

“ಪಿಗ್,” ಎಂದಳು.

“ಏನು?”

“ಪಿಗ್ ಕಣೋ. ಹಂದಿ. ಇಲ್ಲಿ ಹಂದಿ ಇದೆ ಅಂತಿದಾನೆ. ನಮ್ಮ ಏಮಸ್‌ಗೆ ಹಂದಿ ಸಿಕ್ಕಿತ್ತು.” ಅವಳ ಗಂಟಲಿನಿಂದ ನಗುವೇ ಬಂತು, ಒಂದೇ ಒಂದು ಸಲ, ಜೋರಾಗಿ. ಆಮೇಲೆ ತಾನೇ ಉಜ್ಜಿದ ಹಸಿ ಮೆಟ್ಟಿಲಿನ ಮೇಲೆ ಧೊಪ್ಪನೆ ಕೂತಳು. ಎರಡೂ ಕೈಯಲ್ಲಿ ತನ್ನ ಬಾಯಿಯನ್ನು ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಸುಣ್ಣದ ನೀರು ಮೊಣಕೈಗೆ ಇಳಿಯಿತು.

ವಿಲ್ಫ್ ಬೀದಿಯಲ್ಲೇ ನಿಂತಿದ್ದ. ಕೂರು ಎಂದರೆ ಕೂರುತ್ತಿದ್ದ, ಹೋಗು ಎಂದರೆ ಹೋಗುತ್ತಿದ್ದ.

ಹೆಟ್ಟಿ ಕೈ ತೆಗೆದಳು. “ಆ ವೇಲ್ಸ್ ಹುಡುಗನ ತಾಯಿಗೆ ಯಾರು ಹೇಳ್ತಾರೆ?”

“ಸೋಮವಾರದೊಳಗೆ ಮೇಜರ್‌ಗೆ ಹೇಳ್ಬೇಕು. ಪುಸ್ತಕದಲ್ಲಿ ಸರಿ ಮಾಡ್ತಾರೆ. ಅವರಿಗೆ ನಾನು ಪತ್ರ ಬರೀತೀನಿ.”

“ಬರಿ. ನಿನ್ನ ಹೆಸರೇ ಹಾಕಿಸು.”

“ಹಾಕಿಸ್ತೀನಿ.”

“ನೀನು ಹೇಳದೆ ಇದ್ದಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ, ಅಲ್ವಾ?”

“ಇಲ್ಲ.”

“ಹೇಳಿದ್ದು ಸರಿ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ವಿಲ್ಫ್. ಸಿಟ್ಟು ಬಂದಿದ್ರೆ ಎಷ್ಟೋ ಸಲೀಸಿತ್ತು.” ಅವಳು ಸೆರಗಿನಂತೆ ಏಪ್ರನ್ನಿನ ಅಂಚು ಎಳೆದು ಮುಖ ಒರೆಸಿಕೊಂಡಳು. “ಆದ್ರೆ ನಾನು ಮಗ್ಗದವಳು. ಮನುಷ್ಯರ ಕಣ್ಣು ನೋಡಿ ಮಾತಾಡೋದು ನನಗೆ ಗೊತ್ತಿಲ್ಲ, ಬಾಯೇ ನೋಡೋದು. ಬೆಳಗ್ಗೆ ಎದ್ದು ನಿನ್ನ ಬಾಯಿ ನೋಡಿದ್ರೆ ನನಗೆ ಆ ಮಾತೇ ಕಾಣುತ್ತೆ. ಚಹಾ ಕೊಡು ಅಂದ್ರೂ ಅದೇ. ಎಷ್ಟು ವರ್ಷ ನೋಡ್ಲಿ?”

ಅವನು ಬಾಯಿ ತೆರೆದ. ಅವಳು ಮುಖ ತಿರುಗಿಸಿಕೊಂಡಳು. ಅವನಿಗೆ ಅರ್ಥವಾಯಿತು, ಬಾಯಿ ಮುಚ್ಚಿದ.

“ಪಾದ್ರಿ ಹತ್ರ ನಾನೇ ಹೋಗ್ತೀನಿ,” ಎಂದಳು ಗೋಡೆಯ ಕಡೆ ನೋಡುತ್ತ. “ಊರಲ್ಲಿ ಯಾರಾದ್ರೂ ಕೇಳಿದ್ರೆ, ನಾನೇ ಬೇಡ ಅಂದೆ ಅನ್ನು. ಹೋಗು ಈಗ. ಮೆಟ್ಟಿಲು ಮತ್ತೆ ಉಜ್ಜಬೇಕು.”

ಭಾನುವಾರ ಪಾದ್ರಿ ಬೇರೆ ಎರಡು ಜೋಡಿಯ ಹೆಸರು ಕೂಗಿದ. ಸೋಮವಾರ ವಿಲ್ಫ್ ಹಾಲ್ಗೇಟ್‌ನ ಕಚೇರಿಗೆ ಹೋಗಿ ಆ ಸಾಲಿನಲ್ಲಿ ತನ್ನ ಹೆಸರು ಬರೆಸಿದ. ಹಾಲ್ಗೇಟ್ ಬರೆದು, ಓದಿ ಹೇಳಿದ. ವಿಲ್ಫ್ ಸರಿ ಎಂದ. ಅದರ ಮುಂದಿನ ಸಾಲನ್ನು ಅವನು ಆಗಲೇ ಮೊದಲು ಓದಿದ್ದು, ಬುಧವಾರ ಅಷ್ಟು ದೂರ ಹೋಗಿರಲಿಲ್ಲ: ಎಡಗಡೆಯಲ್ಲಿದ್ದ ಮಿತ್ರಸೈನ್ಯ ಹಿಂದೆ ಸರಿದದ್ದರಿಂದ ಬ್ರಿಗೇಡ್ ಆ ಬೆಟ್ಟವನ್ನು ಮೂರನೆಯ ದಿನ ತಾನೇ ಬಿಟ್ಟುಬಂದಿತ್ತು.

ವೇಲ್ಸಿನಿಂದ ನಾಲ್ಕು ಸಾಲಿನ ಉತ್ತರ ಬಂತು. ಮುದುಕಿ ಬೈದಿರಲಿಲ್ಲ. ಮಗನ ಹೆಸರು ಉಳಿಯಿತು. ಬೆಟ್ಟ ಉಳಿಯಲಿಲ್ಲ, ಹನ್ನೊಂದು ಜನ ಉಳಿಯಲಿಲ್ಲ, ಹೆಟ್ಟಿ ವಿಲ್ಫ್‌ಗೆ ಸಿಗಲಿಲ್ಲ.